ಹೆವಿವೇಟ್ ಕಿರೀಟ ಮತ್ತು ಇಬ್ಬರು ಹುಡುಗರು

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಸಂಗೀತಕ್ಕೆ ಒಪ್ಪುತ್ತದೆ, ಗಣಿತಕ್ಕೆ ಒಪ್ಪುತ್ತದೆ, ಚದುರಂಗಕ್ಕಂತೂ ಚೆನ್ನಾಗಿಯೇ ಒಪ್ಪುತ್ತದೆ. ಹೆವಿವೇಟ್ ಬಾಕ್ಸಿಂಗ್‌ನ ಇತಿಹಾಸ ಓದುವಾಗ ಮಾತ್ರ ನನಗೆ ಈ ಗಾದೆಯ ಮೇಲೆ ಅನುಮಾನ ಬರುತ್ತದೆ. ಜಾಕ್ ಜಾನ್ಸನ್ 1908ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವನಿಗೆ 30 ವರ್ಷ. ಜೋ ಲೂಯಿಸ್‌ಗೆ 23, ರಾಕಿ ಮಾರ್ಸಿಯಾನೊಗೆ 29, ಲ್ಯಾರಿ ಹೋಮ್ಸ್‌ಗೆ 28. ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಲ್ಲಿ 1964ರಲ್ಲಿ ಸೋನಿ ಲಿಸ್ಟನ್‌ನನ್ನು ಸೋಲಿಸಿದ ಮಹಮ್ಮದ್ ಅಲಿಯನ್ನು ಜಗತ್ತು ‘ಹುಡುಗ’ ಎಂದೇ ಕರೆಯಿತು. ಅವನಿಗೂ ಆಗ 22 ತುಂಬಿತ್ತು. ಇಪ್ಪತ್ತೆರಡಕ್ಕೂ ಮೊದಲೇ ಆ ಕಿರೀಟ ತೊಟ್ಟವರು ಇಬ್ಬರೇ: 1956ರಲ್ಲಿ 21ರ ಫ್ಲಾಯ್ಡ್ ಪ್ಯಾಟರ್ಸನ್, 1986ರಲ್ಲಿ 20ರ ಮೈಕ್ ಟೈಸನ್.

ಯಾಕೆ ಇಷ್ಟು ಕಡಿಮೆ? ಹಗುರ ತೂಕದ ವಿಭಾಗಗಳಲ್ಲಿ ಹೀಗಿಲ್ಲ. ಪೋರ್ಟೊರಿಕೊದ ವಿಲ್ಫ್ರೆಡ್ ಬೆನಿಟೆಜ್ 1976ರ ಮಾರ್ಚ್‌ನಲ್ಲಿ ಅನುಭವಿ ಆಂಟೋನಿಯೊ ಸೆರ್ವಾಂಟೆಸ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಅವನ ವಯಸ್ಸು ಬರೀ 17. ಆದರೆ ಅಲ್ಲಿ ಎದುರಾಳಿಯ ತೂಕಕ್ಕೆ ಮಿತಿಯಿದೆ. ತಕ್ಕಡಿ ಇಬ್ಬರನ್ನೂ ಹೆಚ್ಚುಕಡಿಮೆ ಸಮ ಮಾಡಿಯೇ ಅಖಾಡಕ್ಕೆ ಬಿಡುತ್ತದೆ. ಹುಡುಗನ ಚುರುಕು, ಕಣ್ಣಿನ ವೇಗ ಅಲ್ಲಿ ಕೆಲಸಕ್ಕೆ ಬರುತ್ತವೆ. ಹೆವಿವೇಟ್‌ನಲ್ಲಿ ತೂಕಕ್ಕೆ ಮೇಲ್ಮಿತಿಯೇ ಇಲ್ಲ. ಹದಿನೆಂಟರ ಹುಡುಗ ಎಷ್ಟೇ ಎತ್ತರವಿದ್ದರೂ ಅವನ ಭುಜ, ಕುತ್ತಿಗೆ, ಸೊಂಟಗಳು ಇನ್ನೂ ತುಂಬಿಕೊಳ್ಳಬೇಕು. ಎದುರಿಗೆ ನಿಲ್ಲುವವನು ಹತ್ತು ವರ್ಷ ಪೆಟ್ಟು ಕೊಟ್ಟು, ಪೆಟ್ಟು ತಿಂದು ಹದವಾದ ಗಂಡಸು. ಜೊತೆಗೆ ಲೆಕ್ಕಾಚಾರವೂ ಇದೆ. ದೈತ್ಯ ಹುಡುಗನೊಬ್ಬ ಸಿಕ್ಕರೆ ಮ್ಯಾನೇಜರ್ ಅವನನ್ನು ಅವಸರದಲ್ಲಿ ಪಣಕ್ಕಿಡುವುದಿಲ್ಲ. ಒಂದು ಕೆಟ್ಟ ಸೋಲು ಬಂದರೆ ಹೂಡಿದ ಹಣವೂ ಹೋಯಿತು, ಹುಡುಗನ ಧೈರ್ಯವೂ ಹೋಯಿತು.

ಹಾಗಾದರೆ ಈ ಇಬ್ಬರು ಹೇಗೆ ದಾಟಿದರು? ಇಬ್ಬರ ಹಿಂದೆಯೂ ಇದ್ದವನು ಒಬ್ಬನೇ ಗುರು, ನ್ಯೂಯಾರ್ಕಿನ ಕಸ್ ಡಮಾಟೊ. ಮೂವತ್ತು ವರ್ಷಗಳ ಅಂತರದಲ್ಲಿ ಬಂದ ಅತಿ ಕಿರಿಯ ಇಬ್ಬರು ಚಾಂಪಿಯನ್ನರೂ ಒಬ್ಬನದೇ ಶಿಷ್ಯರೆಂದರೆ ಅದನ್ನು ಬರೀ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಶಿಷ್ಯರ ಬಾಲ್ಯವೂ ಒಂದನ್ನೊಂದು ಹೋಲುತ್ತದೆ. ಇಬ್ಬರೂ ಬ್ರೂಕ್ಲಿನ್‌ನ ಬಡ ಕಪ್ಪು ಕುಟುಂಬಗಳಲ್ಲಿ ಬೆಳೆದವರು. ಶಾಲೆ ತಪ್ಪಿಸಿ, ಚಿಕ್ಕಪುಟ್ಟ ಕಳವಿನಲ್ಲಿ ಸಿಕ್ಕಿಬಿದ್ದ ಪ್ಯಾಟರ್ಸನ್‌ನನ್ನು ವಿಲ್ಟ್‌ವಿಕ್ ಎಂಬ ಸುಧಾರಣಾ ಶಾಲೆಗೆ ಕಳುಹಿಸಿದರು. ಟೈಸನ್ ಟ್ರಯಾನ್ ಎಂಬ ಬಾಲಾಪರಾಧಿಗಳ ಶಾಲೆ ಸೇರಿದ. ಅಲ್ಲಿನ ಸಿಬ್ಬಂದಿಯಾಗಿದ್ದ ಮಾಜಿ ಬಾಕ್ಸರ್ ಬಾಬಿ ಸ್ಟೂವರ್ಟ್ ಅವನನ್ನು ಡಮಾಟೊನ ಬಳಿಗೆ ಕರೆದೊಯ್ದಾಗ ಹುಡುಗನಿಗೆ 13 ವರ್ಷ, ತೂಕ 85 ಕೆ.ಜಿ.ಗೂ ಹೆಚ್ಚು. ತಾಯಿ ತೀರಿಕೊಂಡ ಮೇಲೆ ಡಮಾಟೊ ಕಾನೂನಿನ ಪ್ರಕಾರವೇ ಅವನ ಪೋಷಕನಾದ.

ಎರಡೂ ಕೈಗಳನ್ನು ಕೆನ್ನೆಗೆ ಒತ್ತಿ, ತಲೆಯನ್ನು ಸದಾ ಆಡಿಸುತ್ತಾ ಎದುರಾಳಿಯ ಒಳಗೆ ನುಗ್ಗುವ ‘ಪೀಕ್-ಎ-ಬೂ’ ಶೈಲಿ ಡಮಾಟೊನದು. ಎತ್ತರ ಕಡಿಮೆಯಿರುವ, ಆದರೆ ಕೈವೇಗ ಇರುವ ಹುಡುಗನಿಗೆ ಹೇಳಿ ಮಾಡಿಸಿದ್ದು. ಅವನ ಇನ್ನೊಂದು ಪಾಠ ಭಯದ ಬಗ್ಗೆ. ಭಯ ಬೆಂಕಿಯಿದ್ದಂತೆ, ಹಿಡಿತದಲ್ಲಿದ್ದರೆ ಅಡುಗೆ ಮಾಡುತ್ತದೆ, ಹಿಡಿತ ತಪ್ಪಿದರೆ ಮನೆ ಸುಡುತ್ತದೆ ಎಂಬುದು ಅವನ ಬೋಧನೆಯ ತಿರುಳು. ಬೀದಿಯಲ್ಲಿ ಹೆದರುತ್ತಲೇ ಬೆಳೆದ ಮಕ್ಕಳಿಗೆ ಈ ಮಾತು ಎಷ್ಟು ಆಳಕ್ಕೆ ಇಳಿದಿರಬಹುದು!

ಕಾಲವೂ ಕೈಹಿಡಿಯಿತು. ಪ್ಯಾಟರ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೇ ಚಿನ್ನ ಗೆದ್ದಿದ್ದ, ಅದೂ ಮಿಡಲ್‌ವೇಟ್‌ನಲ್ಲಿ. 1956ರಲ್ಲಿ ಮಾರ್ಸಿಯಾನೊ ಸೋಲಿಲ್ಲದೆಯೇ ನಿವೃತ್ತನಾಗಿ ಪಟ್ಟ ಖಾಲಿಯಾಯಿತು. ಅದೇ ನವೆಂಬರ್ 30ರಂದು ಷಿಕಾಗೋದಲ್ಲಿ, ನಲವತ್ತರ ಆಸುಪಾಸಿನ ಆರ್ಚಿ ಮೂರ್‌ನನ್ನು ಐದನೇ ಸುತ್ತಿನಲ್ಲಿ ಕೆಡವಿ ಪ್ಯಾಟರ್ಸನ್ ಚಾಂಪಿಯನ್ ಆದ. ಅಂದಿನ ಅವನ ತೂಕ ಸುಮಾರು 83 ಕೆ.ಜಿ.; ಇಂದಿನ ಲೆಕ್ಕದಲ್ಲಿ ಅವನು ಹೆವಿವೇಟೇ ಅಲ್ಲ, ಕ್ರೂಸರ್‌ವೇಟ್. ಟೈಸನ್‌ನ ಕಾಲಕ್ಕೆ ಕಿರೀಟವೇ ಮೂರು ಸಂಸ್ಥೆಗಳ ನಡುವೆ ಹಂಚಿಹೋಗಿತ್ತು. 1986ರ ನವೆಂಬರ್ 22ರಂದು ಲಾಸ್ ವೇಗಸ್‌ನಲ್ಲಿ ಅವನು ಎರಡನೇ ಸುತ್ತಿನಲ್ಲೇ ಬೀಳಿಸಿದ ಟ್ರೆವರ್ ಬರ್ಬಿಕ್‌ನ ಬಳಿ ಇದ್ದದ್ದು ಅದರಲ್ಲಿ ಒಂದು. ಮುಪ್ಪಾದ ಅಲಿಯನ್ನು 1981ರಲ್ಲಿ ಅವನ ಕೊನೆಯ ಪಂದ್ಯದಲ್ಲಿ ಸೋಲಿಸಿದವನು ಇದೇ ಬರ್ಬಿಕ್. ಮೂರೂ ಪಟ್ಟಗಳು ಟೈಸನ್‌ನ ಕೈಸೇರಿದ್ದು 1987ರ ಆಗಸ್ಟ್‌ನಲ್ಲಿ. ಇದನ್ನು ನೋಡಲು ಡಮಾಟೊ ಇರಲಿಲ್ಲ; 1985ರ ನವೆಂಬರ್‌ನಲ್ಲೇ, 77ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ವೃತ್ತಿಗಿಳಿದ ಇಪ್ಪತ್ತೇ ತಿಂಗಳಲ್ಲಿ ಟೈಸನ್ 28 ಪಂದ್ಯ ಆಡಿದ. ಆ ಅವಸರ ಹುಡುಗನದೋ, ತನಗೆ ಸಮಯವಿಲ್ಲವೆಂದು ತಿಳಿದಿದ್ದ ಮುದುಕನದೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೀಗೆ ನೋಡಿದರೆ ಬಾಲಪ್ರತಿಭೆ ಎಂಬ ಮಾತು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಒಂದು ದೇಹ, ಒಬ್ಬ ಗುರು, ಒಂದು ಖಾಲಿ ಸಿಂಹಾಸನ, ಹಿಂದಿರುಗಲು ಬೇರೆ ದಾರಿಯೇ ಇಲ್ಲದ ಬದುಕು – ಇವೆಲ್ಲ ಒಂದೇ ಹೊತ್ತಿನಲ್ಲಿ ಕೂಡಬೇಕು. ಅದಕ್ಕೇ ಅದು ಅಪರೂಪ.

ಉಳಿದ ಅರ್ಧ ಕಥೆ ಗೆಲುವಿನ ಆಚೆಗಿದೆ. 1959ರಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಪ್ಯಾಟರ್ಸನ್‌ನನ್ನು ಒಂದೇ ಸುತ್ತಿನಲ್ಲಿ ಏಳು ಸಲ ನೆಲಕ್ಕೆ ಕೆಡವಿದ. ಮರುವರ್ಷ ಪ್ಯಾಟರ್ಸನ್ ಪಟ್ಟ ಮರಳಿ ಪಡೆದ. ಹೆವಿವೇಟ್‌ನಲ್ಲಿ ಹಾಗೆ ಮಾಡಿದ ಮೊದಲಿಗ ಅವನೇ. ಗೆದ್ದ ಕ್ಷಣದಲ್ಲಿ ಅವನು ಮಾಡಿದ್ದು ಎಚ್ಚರತಪ್ಪಿ ಬಿದ್ದ ಯೊಹಾನ್ಸನ್‌ನ ಬಳಿ ಮಂಡಿಯೂರಿ ಆರೈಕೆಗೆ ತೊಡಗಿದ್ದು. 1962ರಲ್ಲಿ ಲಿಸ್ಟನ್ ಅವನನ್ನು ಮೊದಲ ಸುತ್ತಿನಲ್ಲೇ ಮುಗಿಸಿದಾಗ, ಮೊದಲೇ ತಂದಿಟ್ಟುಕೊಂಡಿದ್ದ ನಕಲಿ ಗಡ್ಡ ಮೀಸೆ ಅಂಟಿಸಿಕೊಂಡು ಕ್ರೀಡಾಂಗಣದಿಂದ ಹೊರಬಿದ್ದ. ಜೇಮ್ಸ್ ಬಾಲ್ಡ್‌ವಿನ್, ನಾರ್ಮನ್ ಮೇಲರ್ ಇಬ್ಬರೂ ಆ ಪಂದ್ಯದ ಬಗ್ಗೆ ಬರೆದರು. ಎರಡು ವರ್ಷದ ನಂತರ ಗೇ ಟಲೀಸ್ ಬರೆದ ಲೇಖನದ ಹೆಸರೇ ‘ದಿ ಲೂಸರ್’. ಗೆದ್ದವನಿಗಿಂತ ನಾಚಿಕೊಂಡವನು ಲೇಖಕರಿಗೆ ಹತ್ತಿರದವನಾದ. ಟೈಸನ್ 1990ರಲ್ಲಿ ಟೋಕಿಯೊದಲ್ಲಿ ಯಾರೂ ಲೆಕ್ಕಕ್ಕಿಡದ ಬಸ್ಟರ್ ಡಗ್ಲಸ್‌ಗೆ ಸೋತಾಗ ಅವನಿಗೆ 23. ಲೂಯಿಸ್ ಚಾಂಪಿಯನ್ ಆದ ವಯಸ್ಸು. ಹದಿನೇಳಕ್ಕೆ ಗೆದ್ದ ಬೆನಿಟೆಜ್ ನಂತರದ ದಶಕಗಳನ್ನು ಮಿದುಳಿನ ಕಾಯಿಲೆಯಲ್ಲಿ, ಮನೆಯವರ ಆರೈಕೆಯಲ್ಲಿ ಕಳೆದ.

ಪ್ಯಾಟರ್ಸನ್ ಮುಂದೆ ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಕಮಿಷನ್ನಿನ ಅಧ್ಯಕ್ಷನಾದ. 1998ರಲ್ಲಿ ಮೊಕದ್ದಮೆಯೊಂದಕ್ಕೆ ಸಂಬಂಧಿಸಿ ವಕೀಲರು ಅವನ ಹೇಳಿಕೆ ಪಡೆಯುತ್ತಿದ್ದರು. ಯಾರನ್ನು ಸೋಲಿಸಿ ಚಾಂಪಿಯನ್ ಆದಿರಿ ಎಂಬ ಪ್ರಶ್ನೆ ಬಂತು. ಇಪ್ಪತ್ತೊಂದನೇ ವಯಸ್ಸಿನ ಆ ರಾತ್ರಿ, ಆರ್ಚಿ ಮೂರ್‌ನ ಹೆಸರು, ಅವನಿಗೆ ನೆನಪಾಗಲಿಲ್ಲ. ಸ್ವಲ್ಪ ದಿನಗಳಲ್ಲೇ ಅವನು ರಾಜೀನಾಮೆ ಕೊಟ್ಟ.