ಗಟ್ಟಿ ಪ್ಲಾಸ್ಟಿಕ್ ಪ್ಯಾಕ್ ತೆರೆಯಲು ಚಾಕು, ಹಲ್ಲು, ಲೈಟರ್ ಬಳಸಬಹುದೇ?

ಇಯರ್‌ಫೋನ್, ಮೆಮೊರಿ ಕಾರ್ಡ್, ಟೂತ್‌ಬ್ರಷ್, ಮಕ್ಕಳ ಆಟಿಕೆ... ಏನೇ ಕೊಂಡರೂ ಅದು ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಕುಳಿತಿರುತ್ತದೆ. ಕೈಯಿಂದ ಎಳೆದರೆ ಬರುವುದಿಲ್ಲ, ಉಗುರಿಗೆ ಸಿಗುವುದಿಲ್ಲ. ಕೊನೆಗೆ ನಾವು ಅಡುಗೆಮನೆಯ ಚಾಕು ತಂದು ಚುಚ್ಚುತ್ತೇವೆ, ಇಲ್ಲವೇ ಹಲ್ಲಿನಿಂದ ಕಚ್ಚಿ ಎಳೆಯುತ್ತೇವೆ. ‘ಲೈಟರ್‌ನಿಂದ ಅಂಚು ಬಿಸಿ ಮಾಡಿ’, ‘ಕ್ಯಾನ್ ಓಪನರ್ ಬಳಸಿ’ ಎಂಬ ಸಲಹೆಗಳೂ ಮೊಬೈಲ್‌ನಲ್ಲಿ ಹರಿದಾಡುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ಅಪಾಯ? ತಿಳಿಯೋಣ ಬನ್ನಿ.

ಇಷ್ಟು ಗಟ್ಟಿಯಾಗಿ ಏಕೆ ಮಾಡುತ್ತಾರೆ?

ಈ ಪ್ಯಾಕ್ ಕಪ್ಪೆಚಿಪ್ಪಿನಂತೆ ಎರಡು ಹೋಳುಗಳಾಗಿರುತ್ತದೆ. ಹಾಗಾಗಿಯೇ ಇದಕ್ಕೆ ‘ಕ್ಲಾಮ್‌ಶೆಲ್’ ಎಂಬ ಹೆಸರು. ನೀರಿನ ಬಾಟಲಿಗೆ ಬಳಸುವ ಪೆಟ್ ಅಥವಾ ಪಿವಿಸಿ ಪ್ಲಾಸ್ಟಿಕ್ಕಿನಿಂದ ಇದನ್ನು ತಯಾರಿಸಿ, ಅನೇಕ ಬಾರಿ ಅಂಚುಗಳನ್ನು ಬಿಸಿಯಿಂದ ಬೆಸೆಯುತ್ತಾರೆ. ಅಂಗಡಿಯಲ್ಲಿ ಸಣ್ಣ ವಸ್ತುಗಳನ್ನು ಯಾರೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಾರದು, ಸಾಗಣೆಯಲ್ಲಿ ಹಾಳಾಗಬಾರದು, ಒಳಗಿರುವುದು ಗ್ರಾಹಕರಿಗೆ ಕಾಣಬೇಕು ಎಂಬುದು ಉದ್ದೇಶ. ಇದನ್ನು ತೆರೆಯಲಾಗದೆ ಬರುವ ಸಿಟ್ಟಿಗೆ ಇಂಗ್ಲಿಷಿನಲ್ಲಿ ‘ರ‍್ಯಾಪ್ ರೇಜ್’ ಎಂಬ ಪದವೇ ಹುಟ್ಟಿಕೊಂಡಿದೆ. 2008ರಲ್ಲಿ ಅಮೆಜಾನ್ ಕಂಪನಿ ಸುಲಭವಾಗಿ ತೆರೆಯಬಹುದಾದ ಪ್ಯಾಕಿಂಗ್ ಯೋಜನೆಯನ್ನು ಆರಂಭಿಸಿತು.

ಶಕ್ತಿ ಹಾಕಿದರೂ ಏಕೆ ಹರಿಯುವುದಿಲ್ಲ?

ಶಾಂಪೂ ಸ್ಯಾಶೆಯ ಅಂಚನ್ನು ನೋಡಿ, ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ. ನಾವು ಎಳೆದಾಗ ಬಲವೆಲ್ಲ ಆ ಕಚ್ಚಿನ ತುದಿಯಲ್ಲಿ ಒಟ್ಟಾಗುತ್ತದೆ, ಸ್ಯಾಶೆ ಅಲ್ಲಿಂದ ಹರಿಯುತ್ತದೆ. ಅಂಚು ನಯವಾಗಿದ್ದರೆ ಬಲ ಎಲ್ಲ ಕಡೆ ಹಂಚಿಹೋಗುತ್ತದೆ. ಗಟ್ಟಿ ಪ್ಯಾಕಿನ ಅಂಚೂ ನಯವಾಗಿರುತ್ತದೆ. ಅಂದರೆ ನಮಗೆ ಬೇಕಿರುವುದು ಹೆಚ್ಚು ಶಕ್ತಿಯಲ್ಲ, ಸರಿಯಾದ ಜಾಗದಲ್ಲಿ ಮೊದಲ ಕಚ್ಚು.

ಸಲಹೆ 1: ಚಾಕುವಿನಿಂದ ಚುಚ್ಚಿ

ಅಪಾಯಕಾರಿ. ಚಾಕು ಒಳಹೋಗುವವರೆಗೆ ನಾವು ಒತ್ತಡ ಹೆಚ್ಚಿಸುತ್ತಲೇ ಇರುತ್ತೇವೆ. ಪ್ಲಾಸ್ಟಿಕ್ ಒಮ್ಮೆಲೇ ಸೋತಾಗ ಅಥವಾ ಚಾಕು ಜಾರಿದಾಗ ಕೈಯನ್ನು ತಡೆಯಲು ಸಮಯವೇ ಇರುವುದಿಲ್ಲ. ಅದು ನೇರವಾಗಿ ಹೋಗುವುದು ಪ್ಯಾಕನ್ನು ಹಿಡಿದಿರುವ ಇನ್ನೊಂದು ಕೈಗೆ. ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ಮತ್ತು ಸ್ಪರ್ಶದ ನರಗಳು ಅಂಗೈ ಕಡೆಯ ಚರ್ಮದ ಕೆಳಗೇ ಇವೆ. ಹೊರಗೆ ಸಣ್ಣದಾಗಿ ಕಾಣುವ ಗಾಯದಲ್ಲೂ ಇವು ತುಂಡಾಗಿರಬಹುದು. ಒಳಗೆ ಲಿಥಿಯಂ ಬ್ಯಾಟರಿ ಇರುವ ವಸ್ತುವಿದ್ದರೆ, ಚಾಕು ಅದಕ್ಕೆ ತಾಗಿ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆಯೂ ಇದೆ.

ಸಲಹೆ 2: ಹಲ್ಲಿನಿಂದ ಕಚ್ಚಿ

ಬೇಡ. ಹಲ್ಲಿನ ಹೊರಪದರವಾದ ಎನಾಮಲ್ ಒಮ್ಮೆ ಒಡೆದರೆ ಮತ್ತೆ ಬೆಳೆಯುವುದಿಲ್ಲ. ಅದನ್ನು ತಯಾರಿಸುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಸಲಹೆ 3: ಲೈಟರ್ ಅಥವಾ ಕಾಯಿಸಿದ ಚಾಕು

ಖಂಡಿತ ಬೇಡ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು ಆಳವಾಗಿ ಸುಡುತ್ತದೆ. ಪಿವಿಸಿ ಸುಟ್ಟರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ.

ಸಲಹೆ 4: ಕ್ಯಾನ್ ಓಪನರ್

ಭಾಗಶಃ ಸರಿ. ಚಕ್ರ ತಿರುಗಿಸುವ ಬಗೆಯ ಓಪನರ್ ಅಂಚನ್ನು ಕಚ್ಚಿ ಹಿಡಿದುಕೊಂಡು ಕತ್ತರಿಸುವುದರಿಂದ ಜಾರುವ ಭಯ ಕಡಿಮೆ. ಆದರೆ ಅಂಚು ಚಪ್ಪಟೆಯಾಗಿ, ಅಗಲವಾಗಿ ಇದ್ದರೆ ಮಾತ್ರ ಇದು ನಡೆಯುತ್ತದೆ. ಇದಕ್ಕಾಗಿಯೇ ಓಪನರ್ ಕೊಳ್ಳಬೇಕಿಲ್ಲ.

ಹಾಗಾದರೆ ತೆರೆಯುವುದು ಹೇಗೆ?

• ಮೊದಲು ಪ್ಯಾಕನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಚುಕ್ಕಿಚುಕ್ಕಿ ಗೆರೆ, ಬಾಣದ ಗುರುತು ಅಥವಾ ಎಳೆಯುವ ತುದಿ ಇರಬಹುದು.
• ಹಿಂಬದಿ ರಟ್ಟಿನದಾಗಿದ್ದರೆ ಪ್ಲಾಸ್ಟಿಕ್ಕಿನ ಗೋಜಿಗೆ ಹೋಗಬೇಡಿ, ರಟ್ಟನ್ನು ಹರಿಯಿರಿ.
• ಪೂರ್ತಿ ಪ್ಲಾಸ್ಟಿಕ್ ಆಗಿದ್ದರೆ ಗಟ್ಟಿಮುಟ್ಟಾದ ಅಡುಗೆಮನೆ ಕತ್ತರಿ ಸಾಕು. ಕತ್ತರಿಯ ಎರಡು ಅಲಗುಗಳ ನಡುವೆಯೇ ಬಲ ಬೀಳುವುದರಿಂದ ಅದು ಚಾಕುವಿನಂತೆ ಕೈಯತ್ತ ನುಗ್ಗುವುದಿಲ್ಲ.
• ಪ್ಯಾಕನ್ನು ತೊಡೆಯ ಮೇಲಲ್ಲ, ಮೇಜಿನ ಮೇಲೆ ಇಟ್ಟುಕೊಳ್ಳಿ. ಹಿಡಿದ ಕೈ ಕತ್ತರಿಯ ದಾರಿಯಲ್ಲಿ ಇರಬಾರದು.
• ಬೆಸುಗೆಯ ಅಂಚಿನ ಒಳಭಾಗದಲ್ಲಿ ಮೂರು ಬದಿ ಕತ್ತರಿಸಿ, ಪುಸ್ತಕದಂತೆ ತೆರೆಯಿರಿ. ಸಣ್ಣ ಸೀಳಿನೊಳಗೆ ಬೆರಳು ತೂರಿಸಬೇಡಿ, ಕತ್ತರಿಸಿದ ಪ್ಲಾಸ್ಟಿಕ್ ಅಂಚೇ ಬ್ಲೇಡಿನಂತೆ ಕುಯ್ಯುತ್ತದೆ.
• ಕತ್ತರಿಸಿದ ಚೂರುಗಳನ್ನು ಮಕ್ಕಳ ಕೈಗೆ ಸಿಗದಂತೆ ಆಗಲೇ ತೆಗೆದುಹಾಕಿ.

ಬೆರಳು ಕುಯ್ದುಕೊಂಡರೆ?

ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್ ಮೆತ್ತಬೇಡಿ. ಇವುಗಳಿಂದ ಗಾಯದೊಳಗೆ ಕೊಳೆ ಸೇರುತ್ತದೆ, ವೈದ್ಯರಿಗೆ ಗಾಯದ ಆಳವೂ ಕಾಣುವುದಿಲ್ಲ. ಸಣ್ಣ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ಜೋರಾಗಿ ಬರುತ್ತಿದ್ದರೆ ಮೊದಲು ಒತ್ತಿ ಹಿಡಿದು, ಕೈಯನ್ನು ಎತ್ತರದಲ್ಲಿಡಿ. 10 ನಿಮಿಷ ಬಿಡದೆ ಒತ್ತಿ, ನಡುನಡುವೆ ತೆರೆದು ನೋಡಬೇಡಿ.

ಆಮೇಲೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಬೆರಳು ಮಡಚಲು ಆಗದಿದ್ದರೆ ಅಥವಾ ತುದಿ ಜೋಮು ಹಿಡಿದಂತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ತುಂಡಾದ ಸ್ನಾಯುರಜ್ಜು ತಾನಾಗಿ ಕೂಡುವುದಿಲ್ಲ, ಶಸ್ತ್ರಚಿಕಿತ್ಸೆ ತಡವಾದಷ್ಟು ಕಷ್ಟ. ಧನುರ್ವಾಯು ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಹಾಕಿಸಿಕೊಂಡಿರಿ ಎಂಬುದನ್ನೂ ವೈದ್ಯರಿಗೆ ತಿಳಿಸಿ.

ಬಟನ್ ಸೆಲ್ ಪ್ಯಾಕ್ ಗಟ್ಟಿಯಾಗಿದ್ದರೇ ಒಳ್ಳೆಯದು

ರಿಮೋಟ್, ಕೈಗಡಿಯಾರ, ಆಟಿಕೆಗಳಿಗೆ ಹಾಕುವ ನಾಣ್ಯದಂಥ ಬಟನ್ ಸೆಲ್‌ಗಳ ಪ್ಯಾಕನ್ನು ಮಕ್ಕಳು ತೆರೆಯಬಾರದೆಂದೇ ಗಟ್ಟಿಯಾಗಿ ಮಾಡುತ್ತಾರೆ. ಮಗು ಇಂಥ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ತೀವ್ರ ಸುಟ್ಟಗಾಯ ಆಗಬಹುದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಬೇಕಾದ ಒಂದು ಸೆಲ್ ಮಾತ್ರ ತೆಗೆದು, ಉಳಿದವನ್ನು ಪ್ಯಾಕಿನಲ್ಲೇ ಬಿಟ್ಟು ಎತ್ತರದಲ್ಲಿಡಿ.

ಒಟ್ಟಿನಲ್ಲಿ, ಗಟ್ಟಿ ಪ್ಯಾಕಿಗೆ ಬೇಕಿರುವುದು ಒಂದು ಕತ್ತರಿ ಮತ್ತು ಎರಡು ನಿಮಿಷದ ತಾಳ್ಮೆ. ಮುಂದಿನ ಬಾರಿ ‘ಲೈಟರ್ ಟ್ರಿಕ್’ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.