ಎರಡು ಬಸ್ಸು ಡಿಕ್ಕಿ, ತಪ್ಪು ಮಾತ್ರ ಯಾರದೂ ಅಲ್ಲ!

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ಬಸ್ಸನ್ನೋ, ಹೊಳೆನರಸೀಪುರದ ಬಸ್ಸನ್ನೋ, ಅರಕಲಗೂಡಿನ ಬಸ್ಸನ್ನೋ ಹತ್ತುವಾಗ ನಾವು ನೋಡುವುದು ಎರಡೇ. ಬೋರ್ಡು ಸರಿಯಾಗಿದೆಯಾ, ಸೀಟು ಇದೆಯಾ. ಡ್ರೈವರ್ ಯಾರು, ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಾರಾ, ಬ್ರೇಕು ಹಿಡಿಯುತ್ತಾ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಕಂಡಕ್ಟರು "ಒಳಗೆ ಹೋಗ್ರಿ ಸ್ವಾಮಿ" ಅನ್ನುತ್ತಾರೆ ಅಷ್ಟೆ. ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈಗ ಹೀಗೊಂದು ಕಲ್ಪಿಸಿಕೊಳ್ಳಿ. ಬೂವನಹಳ್ಳಿ ಹತ್ತಿರ ಎದುರಿನಿಂದ ಬಂದ ಇನ್ನೊಂದು ಬಸ್ಸು ನಮ್ಮ ಬಸ್ಸಿಗೆ ಡಿಕ್ಕಿ ಹೊಡೆಯಿತು (ಬರೀ ಉದಾಹರಣೆ, ಬಿಡ್ತು ಅನ್ನಿ!). ಕಿಟಕಿ ಪಕ್ಕ ಕೂತವನ ಕಾಲು ಮುರಿಯಿತು. ನಮ್ಮ ಡ್ರೈವರ್ ಹೇಳುವುದು, "ಅವನು ಓವರ್‌ಟೇಕ್ ಮಾಡೋಕೆ ಬಂದ". ಆ ಕಡೆಯ ಡ್ರೈವರ್ ಹೇಳುವುದು, "ಇವನೇ ರಾಂಗ್ ಸೈಡಿಗೆ ಬಂದ". ನಮ್ಮ ಪ್ರಯಾಣಿಕ ಆಗ ತೂಕಡಿಸುತ್ತಿದ್ದ. ಅವನಿಗೆ ಗೊತ್ತಿರುವುದು ಒಂದು ದೊಡ್ಡ ಸದ್ದು, ಆಮೇಲೆ ಆಸ್ಪತ್ರೆಯ ಸೀಲಿಂಗು. ಇವರಿಬ್ಬರಲ್ಲಿ ತಪ್ಪು ಯಾರದು ಅಂತ ಅವನು ಹೇಗೆ ಸಾಬೀತು ಮಾಡಬೇಕು? ಸಾಬೀತು ಮಾಡಲಾಗದಿದ್ದರೆ ಪರಿಹಾರ ಇಲ್ಲವಾ?

ಇದಕ್ಕೆ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ನೂರ ಅರವತ್ತು ವರ್ಷಕ್ಕೂ ಹೆಚ್ಚಿನ ಒಂದು ಕಥೆ. ಲಂಡನ್ನಿನ ಕುದುರೆ ಬಸ್ಸಿನಿಂದ ಶುರುವಾಗಿ ನಮ್ಮ ಕರ್ನಾಟಕ ಹೈಕೋರ್ಟ್ ಮೂಲಕ ಹಾದು ದೆಹಲಿಗೆ ಹೋಗುತ್ತದೆ ಇದು. ನಾನು ವಕೀಲನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಹೇಳುವಂಥದ್ದು ಅನ್ನಿಸಿತು.

*

ಮೊದಲು 1849ರ ಲಂಡನ್ನಿಗೆ ಹೋಗೋಣ. ಆಗ ಬಸ್ಸು ಅಂದರೆ ಕುದುರೆ ಎಳೆಯುವ ಆಮ್ನಿಬಸ್. ಬಸ್ಸು ರಸ್ತೆ ಪಕ್ಕಕ್ಕೆ ಬಂದು ನಿಲ್ಲುವ ಮೊದಲೇ ಒಬ್ಬ ಪ್ರಯಾಣಿಕ ಇಳಿದ. ಹಿಂದಿನಿಂದ ಬಂದ ಇನ್ನೊಂದು ಆಮ್ನಿಬಸ್ ಅವನ ಮೇಲೆ ಹರಿದು ಅವನು ಸತ್ತ. ಅವನ ಕಡೆಯವರು ಎರಡನೇ ಬಸ್ಸಿನ ಮಾಲೀಕನ ಮೇಲೆ ದಾವೆ ಹಾಕಿದರು. ಇದೇ 'ಥರೋಗುಡ್ ವಿರುದ್ಧ ಬ್ರಯಾನ್' ಪ್ರಕರಣ.

ಕೋರ್ಟು ಹೇಳಿದ್ದೇನು ಗೊತ್ತಾ? ಸತ್ತವನು ಕೂತಿದ್ದ ಬಸ್ಸಿನ ಚಾಲಕನದ್ದೂ ತಪ್ಪಿದ್ದರೆ ಪರಿಹಾರ ಇಲ್ಲ. ಯಾಕೆಂದರೆ ಆ ಬಸ್ಸನ್ನು ಆರಿಸಿಕೊಂಡು ಹತ್ತಿದವನು ಅವನೇ ತಾನೇ? ಹಾಗಾಗಿ ಚಾಲಕನ ತಪ್ಪು ಅಂದರೆ ಪ್ರಯಾಣಿಕನದೇ ತಪ್ಪು!

ಅಂದರೆ ಎರಡೂ ಬಸ್ಸಿನವರು ತಪ್ಪು ಮಾಡಿದ್ದರೆ, ಒಂದೂ ತಪ್ಪು ಮಾಡದ ಪ್ರಯಾಣಿಕನಿಗೆ ಎದುರು ಬಸ್ಸಿನವನಿಂದ ದಮ್ಮಡಿಯೂ ಇಲ್ಲ. ಕೋಣ ಕೋಣ ಗುದ್ದಾಡಿ ಗಿಡಕ್ಕೆ ಮಿತ್ತು ಅನ್ನುತ್ತಾರಲ್ಲ, ಅದನ್ನೇ ಕಾನೂನು ಮಾಡಿಟ್ಟ ಹಾಗೆ. ನಾವು ಬೋರ್ಡು ನೋಡಿ ಬಸ್ಸು ಹತ್ತುತ್ತೇವೆಯೇ ಹೊರತು ಡ್ರೈವರನ್ನು ಸಂದರ್ಶನ ಮಾಡಿ ಹತ್ತುವುದಿಲ್ಲ ಅನ್ನುವ ಸರಳ ವಿಷಯ ಆ ನ್ಯಾಯಾಧೀಶರಿಗೆ ಹೊಳೆಯಲಿಲ್ಲ.

ಈ ತೀರ್ಪು ಬೀಳುವುದಕ್ಕೆ ಸುಮಾರು 40 ವರ್ಷ ಬೇಕಾಯಿತು, ಅದೂ ಬಸ್ಸಿನಿಂದಲ್ಲ, ಹಡಗಿನಿಂದ. ಬರ್ನಿನಾ ಮತ್ತು ಬುಶೈರ್ ಎಂಬ ಎರಡು ಹಡಗುಗಳು ಡಿಕ್ಕಿಯಾದವು. ಎರಡರ ನಾವಿಕರದ್ದೂ ತಪ್ಪಿತ್ತು. ಬುಶೈರ್‌ನಲ್ಲಿದ್ದ ಒಬ್ಬ ಪ್ರಯಾಣಿಕನೂ ಮುಳುಗಿ ಸತ್ತವರಲ್ಲಿ ಸೇರಿದ್ದ. 1888ರಲ್ಲಿ ಹೌಸ್ ಆಫ್ ಲಾರ್ಡ್ಸ್, ಥರೋಗುಡ್ ತೀರ್ಪು ಸರಿಯಲ್ಲ, ಸುಮ್ಮನೆ ಕೂತು ಪ್ರಯಾಣ ಮಾಡುವವನ ತಲೆಗೆ ಚಾಲಕನ ತಪ್ಪನ್ನು ಕಟ್ಟಲಾಗದು ಅಂತ ತೀರ್ಮಾನಿಸಿತು.

*

ಇನ್ನು ನಮ್ಮ ಕಡೆಗೆ ಬರೋಣ. ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಕೇಳುವ ಹಕ್ಕನ್ನು ಇಲ್ಲಿ ಕೊಟ್ಟಿದ್ದು 1855ರ ಮಾರಕ ಅಪಘಾತಗಳ ಕಾಯಿದೆ. ಹಕ್ಕೇನೋ ಬಂತು, ಆದರೆ ಸಿವಿಲ್ ಕೋರ್ಟಿಗೆ ಹೋಗಬೇಕು, ಕೋರ್ಟ್ ಫೀ ಕಟ್ಟಬೇಕು, ವರ್ಷಗಟ್ಟಲೆ ಅಲೆಯಬೇಕು. ದುಡಿಯುವವನನ್ನು ಕಳೆದುಕೊಂಡ ಮನೆಗೆ ಇದು ಆಗುವ ಮಾತಾ?

1939ರಲ್ಲಿ ಮೋಟಾರು ವಾಹನಗಳ ಕಾಯಿದೆ ಬಂತು. ಅದರ ಕಡ್ಡಾಯ ವಿಮೆಯ ಭಾಗ ಜಾರಿಯಾಗಿದ್ದು 1946ರಲ್ಲಿ. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು, ಅದೇ ಇವತ್ತಿನ ಕೆಎಸ್ಸಾರ್ಟಿಸಿ. ಈ ನಡುವೆ 1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾಯಿತು. ನಮ್ಮ ವಕೀಲರ ಬಾಯಲ್ಲಿ ಇವತ್ತಿಗೂ ಎಂಎಸಿಟಿ ಅನ್ನುವುದು ಇದನ್ನೇ.

ಇಲ್ಲೊಂದು ವಿಚಿತ್ರ ಇದೆ. 1969ರ ತಿದ್ದುಪಡಿಯ ಪ್ರಕಾರ ಬಸ್ಸಿನ ಒಳಗಿರುವ ಪ್ರಯಾಣಿಕನಿಗೆ ವಿಮಾ ಕಂಪನಿ ಕೊಡಲೇಬೇಕಾಗಿದ್ದ ಮಿತಿ ತಲೆಗೆ 5,000 ರೂಪಾಯಿ. ಬಾಡಿಗೆ ಕಾರಾದರೆ 10,000. ಪ್ರಯಾಣಿಕರಲ್ಲದ ಮೂರನೆಯವರಿಗೆ, ಅಂದರೆ ರಸ್ತೆಯಲ್ಲಿ ನಡೆದು ಹೋಗುವವರಂಥವರಿಗೆ, ಈ ಮಿತಿ 50,000. ಇದಕ್ಕಿಂತ ಹೆಚ್ಚು ಬೇಕಾದರೆ ಬಸ್ಸಿನ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು, ಅವನ ಹತ್ತಿರ ಇದ್ದರೆ!

ಈಗ ನಮ್ಮ ಡಿಕ್ಕಿಗೆ ಇದನ್ನು ಹೊಂದಿಸಿ ನೋಡಿ. ಕಾಲು ಮುರಿದವನು ತನ್ನ ಬಸ್ಸಿಗೆ ಪ್ರಯಾಣಿಕ, ಆದರೆ ಎದುರಿನ ಬಸ್ಸಿಗೆ ಮೂರನೆಯವನು. ತನ್ನ ಬಸ್ಸಿನದೇ ತಪ್ಪು ಅಂತಾದರೆ ವಿಮೆಯಿಂದ 5,000ದ ಮಿತಿ, ಎದುರಿನವನದು ಅಂತಾದರೆ 50,000ದ ಮಿತಿ. ಮುರಿದ ಕಾಲು ಅದೇ, ನೋವು ಅದೇ. ಯಾವ ಸ್ಟೀರಿಂಗು ಯಾವ ಕಡೆಗೆ ತಿರುಗಿತು ಅನ್ನುವುದರ ಮೇಲೆ ಹತ್ತು ಪಟ್ಟು ವ್ಯತ್ಯಾಸ. 'ತಪ್ಪು ಯಾರದು' ಅನ್ನುವ ಜಗಳಕ್ಕೆ ಯಾಕೆ ಅಷ್ಟು ಬೆಲೆ ಇತ್ತು ಅಂತ ಈಗ ಗೊತ್ತಾಯಿತಲ್ಲ. 1982ರಲ್ಲಿ ಪ್ರಯಾಣಿಕನ ಮಿತಿ 15,000ಕ್ಕೆ ಏರಿತು. ಸಾವು ಮತ್ತು ಗಾಯದ ವಿಷಯದಲ್ಲಿ ಈ ಮಿತಿಗಳೇ ಹೋಗಿದ್ದು 1989ರ ಜುಲೈ 1ರಂದು ಜಾರಿಗೆ ಬಂದ 1988ರ ಹೊಸ ಕಾಯಿದೆಯಿಂದ.

*

ಹಣದ ಮಿತಿ ಹೋಯಿತು, ಜಗಳ ಹೋಗಲಿಲ್ಲ. ಈಗ ಅದು ಇನ್ನೊಂದು ರೂಪದಲ್ಲಿ ಬಂತು. ಎರಡು ಬಸ್ಸಿನವರದ್ದೂ ತಪ್ಪು ಅಂತ ಇಟ್ಟುಕೊಳ್ಳಿ. ಪ್ರಯಾಣಿಕ ಒಂದು ಬಸ್ಸಿನ ಮೇಲೆ ಮಾತ್ರ ಕೇಸು ಹಾಕಿದ್ದಾನೆ. ಆ ಬಸ್ಸಿನವರ ವಾದ, "ನಮ್ಮದು ಅರ್ಧ ತಪ್ಪು, ಅರ್ಧ ದುಡ್ಡು ಕೊಡುತ್ತೇವೆ. ಉಳಿದರ್ಧಕ್ಕೆ ಅವರನ್ನು ಹಿಡಿದುಕೋ". ಕೇಳೋದಕ್ಕೆ ನ್ಯಾಯವಾಗಿಯೇ ಇದೆ ಅಲ್ವಾ?

ಇಲ್ಲಿ ಎರಡು ಪದಗಳನ್ನು ಬೇರೆ ಮಾಡಿ ನೋಡಬೇಕು. ಗಾಯಗೊಂಡವನೇ ಒಂದಿಷ್ಟು ತಪ್ಪು ಮಾಡಿದ್ದರೆ ಅದು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್. ಅವನ ಪಾಲಿನ ತಪ್ಪಿನಷ್ಟು ಪರಿಹಾರ ಕಡಿತವಾಗುತ್ತದೆ. ಗಾಯಗೊಂಡವನ ತಪ್ಪು ಏನೂ ಇಲ್ಲದೆ, ಬೇರೆ ಇಬ್ಬರ ತಪ್ಪು ಸೇರಿ ಅವನಿಗೆ ಪೆಟ್ಟಾದರೆ ಅದು ಕಾಂಪೊಸಿಟ್ ನೆಗ್ಲಿಜೆನ್ಸ್. ಇಲ್ಲಿ ಕಡಿತದ ಪ್ರಶ್ನೆಯೇ ಇಲ್ಲ. ಒಂದೇ ಡಿಕ್ಕಿಯಲ್ಲಿ ಪೆಟ್ಟು ತಿಂದ ಡ್ರೈವರಿಗೆ ಮೊದಲನೆಯದು ಅನ್ವಯ ಆಗಬಹುದು, ಅವನ ಬೆನ್ನ ಹಿಂದೆ ಕೂತ ಪ್ರಯಾಣಿಕನಿಗೆ ಎರಡನೆಯದು. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಬಿಡಿಸಿ ಹೇಳಿತು. ಆ ಪ್ರಕರಣದಲ್ಲಿ ಪರಿಹಾರ ಕೇಳಿದವರು ಸ್ವತಃ ಬಸ್ ಡ್ರೈವರ್ ಆಗಿದ್ದರು.

ಖುಷಿಯ ವಿಷಯ ಅಂದರೆ ನಮ್ಮ ಕರ್ನಾಟಕ ಹೈಕೋರ್ಟ್ ಅದಕ್ಕೂ ಮೊದಲೇ ಈ ದಾರಿಯಲ್ಲಿ ನಡೆದಿತ್ತು. 1999ರ ಕರ್ನಾಟಕ ಲಾ ವರದಿಗಳಲ್ಲಿ ವಿಭಾಗೀಯ ಪೀಠದ ಒಂದು ತೀರ್ಪಿದೆ. ಅದನ್ನು ಎತ್ತಿ ಹಿಡಿದ ಪೂರ್ಣ ಪೀಠದ ತೀರ್ಪು 2004ರ ವರದಿಗಳಲ್ಲಿದೆ. ಆ ಪ್ರಕರಣದಲ್ಲಿ ಒಂದು ಪಕ್ಷ ನಮ್ಮ ಕೆಎಸ್ಸಾರ್ಟಿಸಿಯೇ. ಅದರ ಸಾರ ಇಷ್ಟು: ತಪ್ಪು ಮಾಡಿದವರು ಇಬ್ಬರಾದರೆ ಪ್ರತಿಯೊಬ್ಬರೂ ಪೂರ್ತಿ ಹಣಕ್ಕೆ ಹೊಣೆ. ಪ್ರಯಾಣಿಕ ಇಬ್ಬರನ್ನೂ ಹಿಡಿಯಬಹುದು, ಒಬ್ಬರನ್ನೇ ಹಿಡಿಯಬಹುದು. ಇನ್ನೊಬ್ಬರನ್ನು ಸೇರಿಸಿಲ್ಲ ಅನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ.

2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 'ಖೆನ್ಯೇ' ಪ್ರಕರಣದಲ್ಲಿ ಈ ಪೂರ್ಣ ಪೀಠದ ಮಾತನ್ನು ಉಲ್ಲೇಖಿಸಿ ಇಡೀ ದೇಶಕ್ಕೆ ಇದೇ ನಿಯಮ ಅಂತ ಹೇಳಿತು. ಅಲ್ಲಿ ಡಿಕ್ಕಿಯಾಗಿದ್ದು ಒಂದು ಟ್ರೇಲರ್ ಲಾರಿ ಮತ್ತು ಒಂದು ಬಸ್ಸು. ಲಾರಿಯ ತಪ್ಪು ಮೂರರಲ್ಲಿ ಎರಡು ಪಾಲು, ಬಸ್ಸಿನದು ಒಂದು ಪಾಲು. ಆದರೂ ಪೂರ್ತಿ ಹಣವನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು. ಕೊಟ್ಟವರು ಆಮೇಲೆ ಇನ್ನೊಬ್ಬರಿಂದ ಅವರ ಪಾಲು ಪಡೆಯಲಿ. ಇಬ್ಬರೂ ಅದೇ ಕೇಸಿನಲ್ಲಿದ್ದು ಪಾಲು ನಿರ್ಧಾರವಾಗಿದ್ದರೆ ಅಮಲ್ಜಾರಿಯಲ್ಲೇ ಪಡೆಯಬಹುದು, ಇಲ್ಲದಿದ್ದರೆ ಬೇರೆ ದಾವೆ ಹಾಕಬೇಕು.

ನಮ್ಮ ಕೆಲಸದಲ್ಲೂ ಇದು ನಡೆಯುತ್ತಲ್ಲ. ಎರಡು ಕಂಪನಿಗಳ ಸಿಸ್ಟಂ ಜೋಡಿಸಿರುತ್ತಾರೆ, ಪೇಮೆಂಟ್ ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ, ಇಬ್ಬರೂ "ಬಗ್ ನಮ್ಮದಲ್ಲ" ಅನ್ನುತ್ತಾರೆ. ಲಾಗು ಇರುವುದು ಅವರಿಬ್ಬರ ಹತ್ತಿರ, ದುಡ್ಡು ಹೋಗಿರುವುದು ಗ್ರಾಹಕನದು. ಮೊದಲು ಗ್ರಾಹಕನ ದುಡ್ಡು ಕೊಡಿ, ಆಮೇಲೆ ನೀವಿಬ್ಬರೂ ಕೂತು ಕಿತ್ತಾಡಿ ಅನ್ನುವುದೇ ಸರಿ. ಕೋರ್ಟು ಹೇಳಿದ್ದೂ ಅದನ್ನೇ.

*

ಹಾಗಂತ ಪ್ರಯಾಣಿಕನ ಕಷ್ಟ ಮುಗಿಯಿತು ಅಂದುಕೊಳ್ಳಬೇಡಿ. ಒಬ್ಬರ ಮೇಲೆ ಮಾತ್ರ ಕೇಸು ಹಾಕಿ, ವಿಚಾರಣೆಯಲ್ಲಿ ಅವರದ್ದು ಸ್ವಲ್ಪವೂ ತಪ್ಪಿಲ್ಲ ಅಂತ ಆಗಿಬಿಟ್ಟರೆ ಕೈಗೆ ಏನೂ ಬರುವುದಿಲ್ಲ. ಪೊಲೀಸರ ಚಾರ್ಜ್‌ಶೀಟಿನಲ್ಲಿ ಒಬ್ಬ ಡ್ರೈವರ್ ಹೆಸರು ಮಾತ್ರ ಇರಬಹುದು. ಅದೇ ಕೊನೆಯ ಮಾತಲ್ಲ. ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆಯಾದರೂ ಪರಿಹಾರ ಕೊಡಬಹುದು ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಬಸ್ಸಿನ ಪ್ರಕರಣದಲ್ಲಿ ಹೇಳಿದೆ. ಅದಕ್ಕೇ ಎರಡೂ ವಾಹನದವರನ್ನು ಪ್ರತಿವಾದಿ ಮಾಡುವುದೇ ಜಾಣತನ. ಟಿಕೆಟ್ಟು, ಎಫ್‌ಐಆರ್ ಪ್ರತಿ, ಸ್ಥಳ ಮಹಜರು, ಗಾಯದ ಪ್ರಮಾಣ ಪತ್ರ ಜೋಪಾನವಾಗಿರಲಿ. ಅಪಘಾತ ಎಲ್ಲೇ ಆಗಿರಲಿ, ತಾನು ವಾಸ ಮಾಡುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು.

ಇನ್ನೊಂದು ಎಚ್ಚರಿಕೆ. ಅರ್ಜಿಗಿದ್ದ ಗಡುವನ್ನು 1994ರಲ್ಲಿ ತೆಗೆದುಹಾಕಿದ್ದರು. 2019ರ ತಿದ್ದುಪಡಿ 6 ತಿಂಗಳ ಗಡುವನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಅದನ್ನು ನಂಬಿ ಕೂರುವುದು ಬೇಡ. ಅದೇ ತಿದ್ದುಪಡಿಯಲ್ಲಿ ಒಂದು ಒಳ್ಳೆಯದೂ ಇದೆ. ಯಾರ ತಪ್ಪು ಅಂತ ಕೇಳದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿ. ಇಂಥ ಕೇಳದೆ ಕೊಡುವ ಪರಿಹಾರ 1982ರಲ್ಲಿ ಮೊದಲು ಬಂದಾಗ ಸಾವಿಗೆ 15,000 ಇತ್ತು.

ತೀರ್ಪು ಬಂದ ಮೇಲೂ ಹಣ ಬರುವುದು ಇನ್ನೊಂದು ಪುರಾಣ. ಪರಿಹಾರ ಕಟ್ಟಲಿಲ್ಲ ಅಂತ ಕೋರ್ಟಿನವರು ಬಂದು ಸಾರಿಗೆ ಬಸ್ಸನ್ನೇ ಜಪ್ತಿ ಮಾಡಿದ ಸುದ್ದಿ ನಮ್ಮ ಪೇಪರುಗಳಲ್ಲಿ ಆಗಾಗ ಬರುತ್ತದೆ. ಓದಿ ನಕ್ಕು ಪುಟ ತಿರುಗಿಸುತ್ತೇವೆ. ಆ ಬಸ್ಸಿನ ಹಿಂದೆ ವರ್ಷಗಳಿಂದ ಕಾಯುತ್ತಿರುವ ಒಂದು ಮನೆ ಇರುತ್ತದೆ.

2022ರ ಅಕ್ಟೋಬರಿನಲ್ಲಿ ಇದೇ ಹಾಸನ ಜಿಲ್ಲೆಯ ಬಾಣಾವರದ ಹತ್ತಿರ ಕೆಎಸ್ಸಾರ್ಟಿಸಿ ಬಸ್ಸು ಮತ್ತು ಹಾಲಿನ ಟ್ಯಾಂಕರ್ ನಡುವೆ ಒಂದು ಟೆಂಪೋ ಟ್ರಾವೆಲರ್ ಸಿಕ್ಕಿಕೊಂಡಿತು. ದೇವರ ದರ್ಶನ ಮುಗಿಸಿ ವಾಪಸು ಬರುತ್ತಿದ್ದ 9 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಯಾವ ಚಾಲಕನದು ಎಷ್ಟು ತಪ್ಪು ಅಂತ ಆ ಮಕ್ಕಳು ಹೇಳಬೇಕಿತ್ತೇ? 1849ರ ಕೋರ್ಟಿಗೆ ಕೇಳಿದ್ದರೆ, ಆ ಗಾಡಿ ಹತ್ತಿದವರು ಅವರೇ ತಾನೇ ಅನ್ನುತ್ತಿತ್ತು. ಹಾಗೆ ಅನ್ನದ ಕಾನೂನು ಈಗ ನಮಗಿದೆ. ಅದು ಇದೆ ಅನ್ನುವುದು ಬಸ್ಸು ಹತ್ತುವ ಎಲ್ಲರಿಗೂ ಗೊತ್ತಿರಲಿ ಅಂತ ಇಷ್ಟು ಬರೆದೆ.