ಕಡಲತೀರದ ಮಂಗಳೂರು ಕಲಿಸುವ ಪಾಠ

ನಮ್ಮ ಕುರಕುಂಟಾದಿಂದ ಕಡಲು ಬಹು ದೂರ. ಆದರೂ ಸೇಡಂ-ಶಹಾಬಾದ್ ಸೀಮೆಯ ಸುಣ್ಣದಕಲ್ಲು ಮತ್ತು ಫರಸಿಕಲ್ಲು ಪುರಾತನ ಸಮುದ್ರವೊಂದರ ತಳದಲ್ಲಿ ಪದರ ಪದರವಾಗಿ ರೂಪುಗೊಂಡವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸಮುದ್ರವಿದ್ದ ನೆಲದ ನಿವಾಸಿಗಳಾದ ನಾವು ಮಂಗಳೂರಿನ ಕಡಲನ್ನು ಕಾಣಹೋದಾಗ, ಅಲೆಗಳ ಚೆಲುವಿಗಿಂತ ಆ ತೀರದ ಚರಿತ್ರೆಯೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು.

ಪಣಂಬೂರಿನ ವಿಶಾಲವಾದ ಮರಳದಂಡೆಯನ್ನೂ, ಸೋಮೇಶ್ವರದ ಬಂಡೆಗಳಿಗೆ ಅಪ್ಪಳಿಸುವ ತೆರೆಗಳನ್ನೂ ನೋಡಿ ಉಳ್ಳಾಲಕ್ಕೆ ಬಂದೆವು. 16ನೆಯ ಶತಮಾನದಲ್ಲಿ ಚೌಟ ವಂಶದ ರಾಣಿ ಅಬ್ಬಕ್ಕದೇವಿಯು ಪೋರ್ಚುಗೀಸರನ್ನು ಎದುರಿಸಿ ಹೋರಾಡಿದ ನೆಲವಿದು. ಪೋರ್ಚುಗೀಸರು ನಮ್ಮ ಮತದವರೇ ಆಗಿದ್ದರು. ಅವರ ಕಾಲದಲ್ಲಿಯೇ, 1568ರಲ್ಲಿ, ಮಂಗಳೂರಿನ ರೊಸಾರಿಯೊ ದೇವಾಲಯವು ಸ್ಥಾಪನೆಗೊಂಡಿತು. ಆದರೆ ಕಪ್ಪಕ್ಕಾಗಿ ಅವರು ಈ ತೀರದ ಜನರ ಮೇಲೆ ನಡೆಸಿದ ದಬ್ಬಾಳಿಕೆಯನ್ನು ಶುಭಸಂದೇಶದ ಹೆಸರಿನಲ್ಲಿ ಸಮರ್ಥಿಸಲು ಸಾಧ್ಯವಿಲ್ಲ. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಬೋಳೂರಿನಲ್ಲಿ ನದಿಯ ದಂಡೆಯ ಮೇಲೆ ಟಿಪ್ಪೂ ಸುಲ್ತಾನನು ಕಪ್ಪುಕಲ್ಲಿನಿಂದ ಕಟ್ಟಿಸಿದ ಕಾವಲುಬುರುಜು, ಸುಲ್ತಾನ್ ಬತ್ತೇರಿ, ಇಂದಿಗೂ ನಿಂತಿದೆ. ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ ಸುಲ್ತಾನನು 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರು ಸಹಸ್ರಾರು ಮಂದಿ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ರೊಸಾರಿಯೊ ದೇವಾಲಯವೂ, 1680ರಲ್ಲಿ ಸ್ಥಾಪಿತವಾಗಿದ್ದ ಮಿಲಾಗ್ರಿಸ್ ದೇವಾಲಯವೂ ಆಗ ನೆಲಸಮವಾದವು.

ಈ ವಿನಾಶದ ನಡುವೆ ಮೂಡಬಿದಿರೆಯ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯವೊಂದು ಉಳಿದುಕೊಂಡಿತು. ಅದನ್ನು ಉಳಿಸಿದವನು ಮೂಡಬಿದಿರೆಯ ಚೌಟ ಅರಸನೆಂದು ಚರಿತ್ರೆಯು ಹೇಳುತ್ತದೆ. ಅವನು ಜೈನ ಮತದವನು. ಕ್ರೈಸ್ತ ಪೋರ್ಚುಗೀಸರ ವಿರುದ್ಧ ಹೋರಾಡಿದ ಅಬ್ಬಕ್ಕದೇವಿಯ ವಂಶಸ್ಥನು. ಹಳೆಯ ಹಗೆಯನ್ನು ಎಣಿಸದೆ, ಸಂಕಟದಲ್ಲಿದ್ದ ನೆರೆಯವರ ಆಲಯವನ್ನು ಅವನು ಕಾಪಾಡಿದನು. ಸಮಾರಿಯದವನ ಸಾಮತಿಯನ್ನು ಪೀಠದಿಂದ ಎಷ್ಟೋ ಬಾರಿ ಬೋಧಿಸಿರುವ ನಮಗೆ ಅದರ ಅರ್ಥವು ಅಲ್ಲಿ ಹೊಸದಾಗಿ ಹೊಳೆಯಿತು.

1799ರಲ್ಲಿ ಸುಲ್ತಾನನು ಮಡಿದ ಬಳಿಕ ಅಳಿದುಳಿದವರು ಊರಿಗೆ ಮರಳಿ, ಬಿದ್ದ ದೇವಾಲಯಗಳನ್ನು ಒಂದೊಂದಾಗಿ ಕಟ್ಟಿದರು. ಶತಮಾನವೊಂದು ಕಳೆಯುವಷ್ಟರಲ್ಲಿ, 1899ರಲ್ಲಿ, ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ-ಮಾಳಿಗೆಗಳಲ್ಲಿ ಚಿತ್ರಗಳನ್ನು ಬಿಡಿಸಲಾರಂಭಿಸಿದರು. ಅವುಗಳನ್ನು ನೋಡಲು ಇಂದಿಗೂ ಎಲ್ಲ ಮತದವರೂ ಬರುತ್ತಾರೆ.

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವವೆಂದರೆ ಗೋಡೆಗಳ ವಯಸ್ಸನ್ನು ಎಣಿಸುವುದಷ್ಟೇ ಅಲ್ಲ. ಗೋಡೆಗಳು ಬೀಳಬಹುದು, ವಿಶ್ವಾಸವುಳ್ಳ ಜನರು ಅವನ್ನು ಮತ್ತೆ ಎಬ್ಬಿಸುತ್ತಾರೆ. ಬೀಳದಂತೆ ಕೈ ಹಿಡಿಯುವ ನೆರೆಯವರೂ ದೇವರ ಕೊಡುಗೆಯೇ. ನಮ್ಮ ಸುತ್ತಲಿನ ಲಿಂಗಾಯತ, ಮುಸಲ್ಮಾನ ಮೊದಲಾದ ಬಂಧುಗಳನ್ನು ಈ ಸಂಭ್ರಮದಲ್ಲಿ ಕೃತಜ್ಞತೆಯಿಂದ ನೆನೆಯೋಣ. ಅವರಿಗೆ ಸಂಕಟ ಬಂದಾಗ ಚೌಟ ಅರಸನಂತೆ ನಾವೂ ಅವರ ಪರವಾಗಿ ನಿಲ್ಲುವಂತೆ ಪ್ರಭುವು ನಮ್ಮನ್ನು ಹರಸಲಿ.